ಶೇಖವ್ವ ಜೋಡಿಸಿದ ಸೀರೆ

ದುಂಡಸಿಯ ಶೇಖವ್ವ ಹೊಸ ಸೀರೆ ಉಟ್ಟದ್ದನ್ನು ಊರವರು ಕಂಡಿರಲಿಲ್ಲ. ಗಂಡ ತೀರಿಕೊಂಡಾಗ ಅವಳಿಗೆ ಉಳಿದದ್ದು ತುಸು ಎರೆಹೊಲ, ಒಂದು ಎಮ್ಮೆ ಮತ್ತು ಮಗಳು ದಾನವ್ವ. ಜೋಳ, ಹೈನು, ಕಾಯಿಪಲ್ಲೆ ಎಲ್ಲ ಮನೆಯದೇ. ಬಟ್ಟೆಗೆ ಮಾತ್ರ ಸವಣೂರ ಸಂತೆಗೆ ಹೋಗುತ್ತಿದ್ದಳು. ಅಲ್ಲಿ ಸಿರಾಜುದ್ದೀನ ಎಂಬ ವ್ಯಾಪಾರಿ, ದೊಡ್ಡ ಮನೆಯವರು ಉಟ್ಟು ಬಿಟ್ಟ ಸೀರೆ, ಧೋತರ, ಕೋಟುಗಳನ್ನು ಗುಡ್ಡೆ ಹಾಕಿ ಅಗ್ಗಕ್ಕೆ ಮಾರುತ್ತಿದ್ದ. ಶೇಖವ್ವ ಒಂದೊಂದನ್ನೂ ಬಿಸಿಲಿಗೆ ಹಿಡಿದು, ನೂಲು ಸವೆದಿದೆಯೋ ಎಂದು ನೋಡುವಳು.

"ಅಕ್ಕಾರ, ಮುತ್ತು ಆರಿಸಿದಂಗ ಆರಸ್ತೀರಲ್ರಿ" ಎಂದು ಅವನು ನಗುತ್ತಿದ್ದ.

ಧೋತರ ಕುಪ್ಪಸವಾಗುತ್ತಿತ್ತು, ಕೋಟು ಚೀಲವಾಗುತ್ತಿತ್ತು, ಉಳಿದ ಚಿಂದಿ ಹೊದೆಯುವ ಕೌದಿಗೆ ಸೇರುತ್ತಿತ್ತು.

ದಾನವ್ವನ ಲಗ್ನ ಹಂಸಭಾವಿಯ ಹುಚ್ಚವ್ವನ ಮಗನ ಜೊತೆ ಗೊತ್ತಾದಾಗ ಮಹಾಯುದ್ಧ ನಡೆದು ಬಟ್ಟೆಗೆ ಬರ ಬಂದಿತ್ತು. ಶಿಗ್ಗಾವಿಯಲ್ಲಿ ಸರಕಾರ ಬಟ್ಟೆ ಹಂಚುವ ಕಂಟ್ರೋಲ್ ಅಂಗಡಿಯ ಮುಂದೆ ಮುಂಜಾನೆಯಿಂದ ನಿಂತರೂ ಸಿಕ್ಕಿದ್ದು ಒರಟು ಬಿಳಿ ಬಟ್ಟೆ. ಶೇಖವ್ವ ಸವಣೂರಿಗೆ ಹೋಗಿ ಎರಡು ಹಳೆಯ ಇಳಕಲ್ ಸೀರೆ ತಂದಳು. ಒಂದರ ಸೆರಗು ಗಟ್ಟಿ, ಒಡಲು ಜೀರ್ಣ. ಇನ್ನೊಂದರ ಸೆರಗು ಹರಿದಿತ್ತು, ಒಡಲು ಗಟ್ಟಿಯಿತ್ತು.

ದಾನವ್ವನ ಕಣ್ಣು ತುಂಬಿದವು. "ಮಂದಿ ಉಟ್ಟು ಬಿಟ್ಟಿದ್ದನ್ನ ಉಟ್ಕೊಂಡು ಲಗ್ನಕ್ಕ ಕುಂದ್ರಲೇನ ಯವ್ವಾ?"

"ಬ್ಯಾಡಾದ್ರ ಬ್ಯಾಡ ತಂಗಿ. ಎಮ್ಮಿ ಮಾರಿ ಕಾಳಸಂತ್ಯಾಗ ಹೊಸಾದು ತರ್ತೇನಿ."

ಅವಳು ಸಿಟ್ಟಿನಿಂದ ಹೇಳಿರಲಿಲ್ಲ. ಮರುದಿನ ಸಂತೆಗೆ ಒಯ್ಯಲೆಂದು ಎಮ್ಮೆಯ ಮೈ ತಿಕ್ಕಿ ತೊಳೆಯತೊಡಗಿದಳು. ದಾನವ್ವ ಹೊಸ್ತಿಲಲ್ಲಿ ಕುಳಿತು ನೋಡಿದಳು. ತಾನು ಹೋದ ಮೇಲೆ ಅವ್ವನ ಜೊತೆಗೆ ಉಳಿಯುವುದು ಆ ಎಮ್ಮೆಯೊಂದೇ.

"ಎಮ್ಮಿ ಇರಲಿ ಯವ್ವಾ. ಸೂಜಿ ಕೊಡು, ಒಂದ್ ಕಡೆ ನಾ ಹಿಡೀತೇನಿ."

ಜೀರ್ಣವಾದ ಒಡಲಿನಿಂದಲೇ ಎಳೆ ಬಿಡಿಸಿ, ಅದೇ ಬಣ್ಣದ ನೂಲಿನಿಂದ ತಾಯಿ ಮಗಳು ಎದುರುಬದುರು ಕುಳಿತು ಗಟ್ಟಿ ಒಡಲಿಗೆ ಗಟ್ಟಿ ಸೆರಗು ಜೋಡಿಸಿದರು. ಅಂಟವಾಳದ ನೊರೆಯಲ್ಲಿ ತೊಳೆದು ಒಣಹಾಕಿದಾಗ ಸೀರೆಯಂಚಿನ ದಡಿ ಮಿರಿಮಿರಿ ಮಿಂಚಿತು.

ಲಗ್ನದ ದಿನ ಉಡಿ ತುಂಬುವಾಗ ಹುಚ್ಚವ್ವನ ಬೆರಳು ಹೊಲಿಗೆಯ ಮೇಲೆ ನಿಂತಿತು.

"ಸೆರಗು ಜೋಡಿಸೀರೇನು?"

ಶೇಖವ್ವ ಏನಾದರೂ ಅನ್ನುವ ಮೊದಲೇ ದಾನವ್ವ ತಲೆಯೆತ್ತಿದಳು. "ಹೌದ್ರಿ ಅತ್ತಿ. ಅವ್ವನೂ ನಾನೂ ಕೂಡಿ ಹೊಲಿದೇವ್ರಿ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಹುಚ್ಚವ್ವ ಸೆರಗು ಮಗುಚಿ ಹೊಲಿಗೆಯ ಹಿಂಬದಿ ನೋಡಿದಳು. "ಎಳಿ ಎಳಿಗೂ ಕೂಡೇತಿ. ಕೈ ಚೊಲೊ ಐತಿ" ಎಂದು ಕೊಬ್ಬರಿ ಬಟ್ಟಲು ಉಡಿಯಲ್ಲಿಟ್ಟಳು. ಆದರೂ ಆ ನಗು ಶೇಖವ್ವನನ್ನು ಬಹಳ ದಿನ ಚುಚ್ಚಿತು.

ಪಂಚಮಿ ಹಬ್ಬಕ್ಕೆ ತವರಿಗೆ ಬಂದ ದಾನವ್ವ ಒಂದು ಗಂಟು ಇಳಿಸಿದಳು. ಅತ್ತೆಯ ಮನೆಯ ಹರಕು ಧೋತರಗಳು. "ಅತ್ತಿ ಕಳ್ಸ್ಯಾರವ್ವಾ. ನೀ ನನಗ ಕೌದಿ ಹೊಲ್ಯಾಕ ಕಲಿಸಬೇಕಂತ."

ಶೇಖವ್ವ ಬಾಯಿ ತುಂಬ ನಕ್ಕಳು.

ಯುದ್ಧ ಮುಗಿದ ಮರುವರ್ಷ, ಬಟ್ಟೆಯ ಖರ್ಚಿನಲ್ಲಿ ವರ್ಷವರ್ಷ ಉಳಿಸಿದ ದುಡ್ಡಿನಿಂದ ಅವಳು ಪಕ್ಕದ ತುಂಡು ಹೊಲವನ್ನು ಗೇಣಿ ಕೊಟ್ಟು ಲಾವಣಿಗೆ ಹಿಡಿದಳು. ಬಿತ್ತಿಗೆಗೆ ಹಂಸಭಾವಿಯಿಂದ ಅಳಿಯ ಚಕ್ಕಡಿ ಹೂಡಿಕೊಂಡು ಬಂದ. ಬುತ್ತಿ ಕಟ್ಟಿಕೊಂಡು ಹುಚ್ಚವ್ವನೂ ಬಂದಿದ್ದಳು. ಅಳಿಯ ಹತ್ತಿ ಬಿತ್ತುತ್ತಿರಲು ಬೀಗತಿಯರಿಬ್ಬರೂ ಬದುವಿನ ಮೇಲೆ ಕುಳಿತು ರೊಟ್ಟಿ ಮುರಿದರು.