ಶಿವಕ್ಕನ ಬ್ಯಾಡಗಿ ಗಿಡಗಳು

ಶಿವಕ್ಕ ಮದುವೆಯಾಗಿ ರಾಜಾಜಿನಗರಕ್ಕೆ ಬಂದಾಗ ಸೆರಗಿನ ತುದಿಯಲ್ಲಿ ತವರಿನ ಮೆಣಸಿನ ಬೀಜ ಗಂಟು ಹಾಕಿಕೊಂಡು ಬಂದಿದ್ದಳು. ತವರು ಬ್ಯಾಡಗಿ ಪಕ್ಕದ ಹಳ್ಳಿ. ಗಂಡ ಸೋಮಲಿಂಗಪ್ಪನಿಗೆ ಕಾರ್ಖಾನೆಯಲ್ಲಿ ಪಾಳಿ ಕೆಲಸ. ವಠಾರದ ಮನೆ, ಅಂಗಳ ಎಂದರೆ ಕಾಲು ಚಾಚಿದರೆ ಮುಗಿಯಿತು. ಅಷ್ಟರಲ್ಲೇ ತುಕ್ಕು ಹಿಡಿದ ಡಾಲ್ಡಾ ಡಬ್ಬಗಳನ್ನು ಸಾಲಾಗಿಟ್ಟು, ಬೀಜಕ್ಕೆ ಬೂದಿ ಸವರಿ ಊರಿ, ಮೊಳಕೆ ಬರುವವರೆಗೆ ಗುಬ್ಬಿ ಓಡಿಸುತ್ತ ಕಾವಲು ಕೂರುತ್ತಿದ್ದಳು. ಹೆತ್ತ ಮಗುವನ್ನೂ ಇಷ್ಟು ನೋಡಿಕೊಳ್ಳುವುದಿಲ್ಲ ಎಂದು ವಠಾರದವರು ಆಡಿಕೊಳ್ಳುತ್ತಿದ್ದರು. ಶುದ್ಧ ಸುಳ್ಳು ಅದು.

ಕಾಯಿ ಹಣ್ಣಾದರೆ ಕಡುಗೆಂಪು, ಮೈಯೆಲ್ಲ ಸುಕ್ಕು. ಪಕ್ಕದ ಮನೆಯ ಟೀಚರ್ ಅಂಬುಜಮ್ಮ ಒಮ್ಮೆ ಸಾರು ಉಂಡು, ಬಣ್ಣ ನೋಡಿ ಹೆದರಿದ್ದೆ, ಖಾರವೇ ಇಲ್ಲವಲ್ಲ ಎಂದು ನಕ್ಕಿದ್ದರು. ಶಿವಕ್ಕನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಬಾಯಿ ಸುಡಲು ನಿಮ್ಮ ಅಂಗಡಿ ಮೆಣಸಿನಕಾಯಿ ಇದೆಯಲ್ಲ ಎಂದುಬಿಟ್ಟಳು. ಖಾರಕ್ಕೆ ಅವಳೂ ಅಂಗಡಿಯದನ್ನೇ ತರುತ್ತಿದ್ದಳು, ಆ ಮಾತು ಬೇರೆ.

ಎಪ್ಪತ್ನಾಲ್ಕರ ಚಳಿಗಾಲದಲ್ಲಿ ಮಗಳು ಬಸವ್ವನಿಗೆ ಜ್ವರ ಬಂತು. ಹರಕೆ ಹೊತ್ತು ಹೊತ್ತು ಕೊನೆಗೆ ಹುಟ್ಟಿದ ಒಬ್ಬಳೇ ಮಗಳು, ಇನ್ನೂ ನಾಲ್ಕು ವರ್ಷ. ಗಂಟಲು ಊದಿ ನೀರೂ ಇಳಿಯುತ್ತಿರಲಿಲ್ಲ. ಅಂಬುಜಮ್ಮ ನೋಡಿ, ಈಗಲೇ ಆಸ್ಪತ್ರೆಗೆ ಹೊರಡಿ, ನಾನೂ ಬರುತ್ತೇನೆ ಎಂದರು. ಶಿವಕ್ಕ ಮಗುವಿಗೆ ಶಾಲು ಹೊದಿಸಿಯೂ ಆಗಿತ್ತು. ಹೊರಡುವ ಮುಂಚೆ ದೃಷ್ಟಿ ತೆಗೆದುಬಿಡೋಣ ಎನಿಸಿತು.

ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಾಗ ಕೆಮ್ಮು ಬಂದರೆ ಬರೀ ಕಾಯಿಲೆ, ಘಾಟೇ ಬಾರದಿದ್ದರೆ ದೃಷ್ಟಿ. ಇದು ಅತ್ತೆ ಕಲಿಸಿದ್ದು. ಹಿಂದೆಲ್ಲ ಅಂಗಡಿಯ ಕಾಯಿಯನ್ನೇ ಸುಟ್ಟಿದ್ದಳು. ಈ ಸಲ ಮಗಳ ಜೀವದ ಪ್ರಶ್ನೆ, ಕಂಡವರ ಕಾಯಿ ಯಾಕೆ? ಬೀಜಕ್ಕೆಂದು ಎತ್ತಿಟ್ಟಿದ್ದ ತನ್ನ ಗಿಡದ ಒಳ್ಳೊಳ್ಳೆಯ ಕಾಯಿಗಳನ್ನೇ ತೆಗೆದಳು.

ಕಾಯಿ ಕರಕಲಾಯಿತು. ಯಾರಿಗೂ ಒಂದು ಕೆಮ್ಮು ಬರಲಿಲ್ಲ.

"ದೃಷ್ಟೀನ ಆಗಿತ್ರೀ ಟೀಚರ. ಇನ್ನ ಇಳೀತದ ಬಿಡ್ರಿ," ಎಂದು ಶಿವಕ್ಕ ಹೋದ ಜೀವ ಬಂದಂತಾಗಿ ಕೂತುಬಿಟ್ಟಳು. ಅಂಬುಜಮ್ಮ ಎಷ್ಟು ಹೇಳಿದರೂ ಏಳಲಿಲ್ಲ. ಮರುದಿನವೂ ಸುಟ್ಟಳು, ಮರುದಿನವೂ ಘಾಟಿಲ್ಲ. ಯಾವ ಪಾಪಿ ಕಣ್ಣು ಬಿತ್ತೋ ಎಂದು ವಠಾರವನ್ನೆಲ್ಲ ಶಪಿಸಿದಳು. ಮಗು ಉಸಿರಿಗೆ ಒದ್ದಾಡತೊಡಗಿದ ಮೇಲೆ ಸೋಮಲಿಂಗಪ್ಪ ಆಟೋದಲ್ಲಿ ಹಾಕಿಕೊಂಡು ಓಡಿದ. ಗಂಟಲಮಾರಿ, ಜ್ವರ ಬಂದ ದಿನವೇ ತಂದಿದ್ದರೆ ಉಳಿಯುತ್ತಿತ್ತು ಎಂದರು ಡಾಕ್ಟರು. ಬಸವ್ವ ಆ ಮಧ್ಯಾಹ್ನವೇ ತೀರಿಕೊಂಡಳು.

ಗಿಡಗಳಿಗೆ ಯಾರೂ ನೀರು ಹಾಕಲಿಲ್ಲ. ಬೇಸಿಗೆಯಲ್ಲಿ ಶಿವಕ್ಕ ಅವನ್ನು ಕಿತ್ತು, ಕಾಯಿ ಸಮೇತ ಬಚ್ಚಲ ಒಲೆಗೆ ತುರುಕಿದಳು. ಹೊಗೆ ಎದ್ದಿತು. ಮುಖ ಒಲೆಗೇ ಒಡ್ಡಿ ಕೂತಿದ್ದರೂ ಕೆಮ್ಮು ಬರಲಿಲ್ಲ. ಈಗ ಮನೆಯಲ್ಲಿ ದೃಷ್ಟಿ ತಗಲುವುದಕ್ಕೆ ಯಾರು ಉಳಿದಿದ್ದರು? ಒಳಗೆ ಹೋಗಿ ಅಂಗಡಿಯ ಮೆಣಸಿನಕಾಯಿ ಒಂದು ಹಿಡಿ ತಂದು ಅದೇ ಕೆಂಡದ ಮೇಲೆ ಹಾಕಿದಳು.

ಇಡೀ ವಠಾರ ಕೆಮ್ಮಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ತನ್ನ ಕಾಯಿಗೆ ಆವತ್ತೂ ಘಾಟಿರಲಿಲ್ಲ, ಎಂದೂ ಇರಲಿಲ್ಲ ಎಂದು ಶಿವಕ್ಕನಿಗೆ ಆ ಹೊಗೆಯಲ್ಲಿ ತಿಳಿಯಿತು.

ಸೋಮಲಿಂಗಪ್ಪ ಟವೆಲಿನಲ್ಲಿ ಮೂಗು ಮುಚ್ಚಿಕೊಂಡು ಬಚ್ಚಲ ಬಾಗಿಲಿಗೆ ಬಂದ.

"ಇಷ್ಟು ಘಾಟು ಬಂತಲ್ಲ. ನಮ್ಮನೀಗೆ ಇನ್ನ ಯಾರ ದೃಷ್ಟೀನೂ ಇಲ್ಲ ಬಿಡು," ಎಂದು ಸಮಾಧಾನ ಹೇಳಿದ.

ಶಿವಕ್ಕನ ಕಣ್ಣಿನಿಂದ ನೀರು ಸುರಿಯುತ್ತಿತ್ತು. ಹೊಗೆಗೆ ಎಂದುಕೊಂಡು ಅವನು ಟವೆಲನ್ನು ಅವಳ ಕೈಗೆ ಕೊಟ್ಟ.