ಕೋರಂ ಆಗಲಾರದ ರಾಜೀನಾಮಿ

ಸ್ವಲ್ಪ ತಡೀರಿ, ಫೋನ್ ಕೆಳಗ ಇಡಬ್ಯಾಡ್ರಿ. ಇವತ್ತು ಯಾವ ಸ್ಕೀಮಿನ ಸುದ್ದಿನೂ ಇಲ್ಲ, ಎಲ್ಲಿ ಹುದ್ದಿ ಖಾಲಿ ಅದ ಅನ್ನೋದೂ ಇಲ್ಲ. ಇದು ನಂದ ಕಥಿ. ಮುಗಿಯೋ ತನಕ ಕುಂಡ್ರಿ, ಯಾಕಂದ್ರ ನಡುವ ಎದ್ದು ಹೋಗೋರಿಂದನ ನನಗ ಈ ಗತಿ ಬಂದದ.

ನಾನು ಪೋತ್ನಾಳದಾಗ ಒಂದು ರೈತರ ಕಂಪನಿಗೆ ಸಿಇಓ. ಸಿಇಓ ಅಂದ ಕೂಡ್ಲೇ ಕೋಟು ಗೀಟು ನೆನಸಬ್ಯಾಡ್ರಿ. ಅಕ್ಕಿ ಮಿಲ್ಲಿನ ಹಿಂದ ಒಂದು ಬಾಡಗಿ ಖೋಲಿ, ಒಂದು ಹಳೇ ಕಂಪ್ಯೂಟರ್, ಬೀಜದ ಚೀಲಗಳ ನಡುವ ನನ್ನ ಕುರ್ಚಿ. ರೈತರಿಗೆ ಬೀಜ ಗೊಬ್ಬರ ಒಟ್ಟಿಗೆ ತರೋದು, ಭತ್ತ ಒಟ್ಟಿಗೆ ಮಾರೋದು, ಸರಕಾರಕ್ಕ ಅರ್ಜಿ ತುಂಬೋದು, ಇಷ್ಟ ಕೆಲಸ. ಇದನ್ನ ನಾ ಯಾವ ಕಾಲೇಜಿನಾಗೂ ಕಲ್ತಿಲ್ಲ. ವಿಡಿಯೋ ನೋಡಿ, ಇಂಗ್ಲಿಷಿನ ಮಾರ್ಗಸೂಚಿ ಒಂದೊಂದ ಸಾಲು ಫೋನಿಗೆ ಕೇಳಿ ಕೇಳಿ ಕಲ್ತೆ.

ಕಲ್ತದ್ದು ಬಾಯಾಗ ನಿಲ್ಲಂಗಿಲ್ಲ ನನಗ. ಅದಕ್ಕ ಒಂದು ವಾಟ್ಸಾಪ್ ಗ್ರೂಪ್ ಮಾಡಿದೆ. ರಾಯಚೂರು, ದೇವದುರ್ಗ, ಮಾನ್ವಿ ಕಡೆ ಊರು ಉದ್ಧಾರ ಆಗ್ಲಿ ಅಂತ ಪಗಾರಕ್ಕ ದುಡಿಯೋ ನಮ್ಮಂಥವರೆಲ್ಲ ಅದರಾಗ ಅದಾರ. ಸಂಘದ ಮೇಲ್ವಿಚಾರಕರು, ಯೋಜನಾ ಸಂಯೋಜಕರು, ಇನ್ನೂ ಕೆಲಸ ಹುಡುಕೋ ಹುಡುಗ ಹುಡುಗಿಯರು. ದಿನಾ ಮುಂಜಾನಿ ಮಾನ್ವಿಯಿಂದ ಪೋತ್ನಾಳಕ್ಕ ಹೋಗೋ ಬಸ್ಸಿನಾಗ ಕುಂತು ನಾ ಹಾಕೋದು: ಎಲ್ಲಿ ತರಬೇತಿ, ಎಲ್ಲಿ ಹುದ್ದಿ, ಯಾವ ಅರ್ಜಿಗೆ ಯಾವಾಗ ಕಡೀ ದಿನ. ಅದನ್ನ ನೋಡಿ ಎಷ್ಟೋ ಮಂದಿ ಚಲೋ ಕಡೆ ಹೋದ್ರು. "ಸರ್, ಸಿಲೆಕ್ಟ್ ಆದೆ" ಅಂತ ಮೆಸೇಜ್ ಬಂದ್ರ ಕೈ ಮುಗಿಯೋ ಚಿತ್ರ ಹಾಕ್ತೀನಿ. ಖುಷಿನೂ ಆಗ್ತದ, ಎದಿ ಮ್ಯಾಲ ಗೊಬ್ಬರದ ಚೀಲ ಇಟ್ಟಂಗೂ ಆಗ್ತದ.

ಹೋದ ವರ್ಷ ನಂದೂ ಪಾಳಿ ಬಂತು. ರಾಯಚೂರಿನಾಗ ಒಂದು ಸಂಸ್ಥಾದಾಗ ಜಿಲ್ಲಾ ಸಂಯೋಜಕನ ಕೆಲಸ. ಇಂಟರ್‌ವ್ಯೂದಾಗ ಡಿಗ್ರಿ ಕೇಳಲೇ ಇಲ್ಲ ನೋಡ್ರಿ! "ಭತ್ತ ಒಟ್ಟಿಗೆ ಮಾರಾಕ ರೈತರನ್ನ ಹೆಂಗ ಒಪ್ಪಿಸಿದ್ರಿ?" ಅಂತ ಕೇಳಿದ್ರು. ಅರ್ಧಾ ತಾಸು ಮಾತಾಡಿದೆ, ನೀರು ಕುಡಿಯೋದೂ ಮರ್ತೆ. ಆರಿಸಿದ್ರು. ಒಂದ ಷರತ್ತು, ಬರೋ ಸೋಮವಾರದ ಒಳಗ ಈಗಿನ ಕಂಪನಿಯಿಂದ ಬಿಡುಗಡಿ ಪತ್ರ ತರಬೇಕು. ಬರೇ ಒಂದ ಹಾಳಿ. ಇದರಾಗೇನದ, ಅಂದ್ಕೊಂಡೆ.

ನಮ್ಮ ಕಂಪನಿಗೆ ಐದು ಮಂದಿ ಡೈರೆಕ್ಟರ್. ಅವರು ಮೀಟಿಂಗಿನಾಗ ನನ್ನ ರಾಜೀನಾಮಿ ಒಪ್ಪಿದ್ರನ ಆ ಹಾಳಿ ಸಿಗೋದು. ಮೂರು ಮಂದಿ ಕುಂತ್ರ ಕೋರಂ, ಆವಾಗ ಅದು ಮೀಟಿಂಗ್. ಇಬ್ಬರ ಇದ್ರ ಬರೇ ಹರಟಿ. ಬುಧವಾರ ಕರದೆ. ಬಂದವರು ಇಬ್ಬರು. ಒಬ್ಬರು ಅಧ್ಯಕ್ಷರು, ಹಿರೇ ಮನುಷ್ಯ, ನಾ ಯಪ್ಪಾ ಅಂತೀನಿ. ಇನ್ನೊಬ್ಬರು ಬಾಜೂ ಊರಿನ ಅಕ್ಕ, ನಮ್ಮ ಡೈರೆಕ್ಟರ್‌ಗಳ ಪೈಕಿ ಒಬ್ಬರೇ ಹೆಣ್ಮಗಳು.

"ಇನ್ನೊಬ್ಬರು ಬರ್ಲಿ ಯಪ್ಪಾ, ಸ್ವಲ್ಪ ಕುಂಡ್ರಿ" ಅಂದೆ.

"ಕುಂಡ್ರಾಕೇನದ, ಒಗ್ಗರಣಿ ಮಿರ್ಚಿ ತರ್ಸು."

ತರ್ಸಿದೆ. ತಿಂದ್ರು. ಯಾರೂ ಬರಲಿಲ್ಲ. ಅಧ್ಯಕ್ಷರು ಪೇಪರಿಗೆ ಕೈ ಒರಸ್ಕೊಂತ ಎದ್ರು. "ಕೋರಂ ಇಲ್ಲಪಾ ತಮ್ಮಾ. ಕೋರಂ ಇಲ್ದ ಬರದ ಠರಾವು ಮಿರ್ಚಿ ಕಟ್ಟಾಕ ಬರ್ತದ ಅಂತ ನೀನ ಅಂದಿದ್ದಿ."

ಅಂದಿದ್ದೆ, ಖರೇ. ನಾ ಬರೋಕಿನ ಮೊದಲ ಇವರು ಕಟ್ಟಿ ಮ್ಯಾಲ ಕುಂತು ಎಲ್ಲಾ ತೀರ್ಮಾನ ಮಾಡಿ, ನಡಾವಳಿ ಪುಸ್ತಕ ಮನಿ ಮನಿಗೆ ಕಳಿಸಿ ಸಹಿ ಮಾಡಿಸ್ಕೊಂತಿದ್ರು. ನಾ ಬಂದು ತಕರಾರು ತಗದೆ. ಕುಂತು ಮಾತಾಡ್ರಿ, ಓದಿ ಸಹಿ ಮಾಡ್ರಿ, ಇಲ್ಲಾಂದ್ರ ಕಂಪನಿ ಉಳ್ಯಂಗಿಲ್ಲ ಅಂತ ಒಂದು ವರ್ಷ ಅವರ ತಲಿ ತಿಂದೆ. ಎಲ್ಲಾ ಬರೋಬ್ಬರಿ ಕಲ್ತಾರ.

ಶುಕ್ರವಾರ ಮತ್ತ ಕರದೆ. ಮೂರು ಮಂದಿ! ಮೂರನೇಯವರು ಕಾಲುವಿ ಕೊನಿಯಾಗ ಹೊಲ ಇರೋ ಅಣ್ಣ. ನಂದ ತಪ್ಪು, ನನ್ನ ವಿಷಯ ಎರಡನೇದಕ್ಕ ಇಟ್ಟಿದ್ದೆ. ಮೊದಲನೇದು ಮುಗೀತು. ಗಂಟಲಾ ಸರಿ ಮಾಡ್ಕೊಂಡು ರಾಜೀನಾಮಿ ಓದಾಕ ಚಾಲೂ ಮಾಡಿದೆ, ಆ ಅಣ್ಣ ಫೋನ್ ಕಿವಿಗೆ ಹಚ್ಚಿ ಎದ್ದ. ಅದು ರಿಂಗ್ ಆಗಿದ್ದು ನನಗಂತೂ ಕೇಳಲಿಲ್ಲ.

"ನೀರು ಬಿಟ್ಟಾರಂತ, ಹೋಗ್ತೀನಿ."

"ಯಣ್ಣಾ, ಎರಡ ನಿಮಿಷ. ಅಲ್ಲೇ ನಿಂತು ಕೈ ಎತ್ತು, ಸಾಕು."

ಅವ ಬಾಗಲದಾಗ ಚಪ್ಪಲಿ ಮೆಟ್ಕೊಂತ ಕೆಳಗ ನೋಡಿದ. "ಒಂದ ಕಾಲು ಹೊರಗದಲ್ಲೋ. ಅರ್ಧಾ ಕೋರಂ ಆಗ್ತದೇನು?"

ಅಕ್ಕ ಸೆರಗು ಬಾಯಿಗೆ ಇಟ್ಕೊಂಡ್ರು. ನಾನೂ ನಕ್ಕೆ, ನಗಬಾರದಿತ್ತು. ಆಮ್ಯಾಲ ಪುಸ್ತಕದಾಗ ನನ್ನ ಕೈಯಿಂದನ ಬರದೆ, "ಕೋರಂ ಇಲ್ಲದ ಕಾರಣ ಮುಂದೂಡಲಾಗಿದೆ." ಬುಧವಾರದ ಕೆಳಗ ಶುಕ್ರವಾರದ್ದು, ಅದ ಮಾತು.

ಶನಿವಾರ ನಾಚಿಕಿ ಬಿಟ್ಟು ಪುಸ್ತಕ ಬ್ಯಾಗಿನಾಗ ಹಾಕ್ಕೊಂಡು ಅಕ್ಕನ ಮನಿಗೆ ಹೋದೆ. ಅಂಗಳದಾಗ ಅಕ್ಕಿ ಹಸನ ಮಾಡಾಕತ್ತಿದ್ರು.

"ಅಕ್ಕಾ, ಒಂದು ಸಹಿ."

"ಮನಿಗೆ ಪುಸ್ತಕ ತಂದ್ರ ಸಹಿ ಮಾಡಬ್ಯಾಡ್ರಿ ಅಂತ ಕಲ್ಸಿದಾವ ಯಾರಪಾ?" ಅಂದ್ರು. ಆಮ್ಯಾಲ ಕೈಯಾಗಿನ ಮೊರ ಕೆಳಗಿಟ್ಟು, ನಗಲಾರದ, "ನಿನ್ನಕಿಂತ ಮೊದಲ ಇದ್ದವ ಹೋದ ಮ್ಯಾಲ ಎರಡು ವರ್ಷ ಆ ಖೋಲಿ ಬೀಗ ತಗೀಲಿಲ್ಲ. ಬೀಜಕ್ಕ ಮತ್ತ ಸಿಂಧನೂರಿನ ಅಂಗಡಿ ಮುಂದ ನಿಂತಿವಿ. ನಿನ್ನ ಮ್ಯಾಲ ಸಿಟ್ಟಿಲ್ಲ ತಮ್ಮಾ, ಹೆದ್ರಿಕಿ ಅದ. ದಿನಾ ಮಂದಿ ಊರಿನ ಕೆಲಸ ಎಲ್ಲಾ ಗ್ರೂಪಿಗೆ ಹಾಕ್ತಿ. ನಿನ್ನ ಜಾಗಕ್ಕ ಒಬ್ಬರು ಬೇಕು ಅಂತ ಹಾಕಿದಿ ಏನು?"

ಹಾಕಿರಲಿಲ್ಲ. ನಾ ಹೋದ ಮ್ಯಾಲ ಆ ಖೋಲಿ ಏನಾಗ್ತದ ಅಂತ ಒಂದ ಸಲಾನೂ ವಿಚಾರ ಮಾಡಿರಲಿಲ್ಲ. ಜಿಲ್ಲಾಕ್ಕೆಲ್ಲ ಕೆಲಸದ ಸುದ್ದಿ ಹಂಚೋ ನನಗ, ನಾ ಕುಂತ ಕುರ್ಚಿನೂ ಒಂದು ಕೆಲಸ ಅಂತ ಅನಿಸಿರಲೇ ಇಲ್ಲ.

"ಹೊಸಬರು ಒಬ್ಬರು ಒಪ್ಲಿ," ಅಕ್ಕ ಅಂದ್ರು, "ಆ ದಿನಾನೇ ಐದೂ ಮಂದಿನ್ನ ನಾ ಎಳ್ಕೊಂಡು ಬರ್ತೀನಿ."

ಅಲ್ಲೇ ಅಂಗಳದಾಗ ನಿಂತು ಟೈಪ್ ಮಾಡಿ ಹಾಕಿದೆ. ಸಂಜೀ ಒಳಗ ಒಂದ ಫೋನ್ ಬಂತು, ಅರಕೇರಾದ ಒಬ್ಬ ಹುಡುಗಿದು. ಭಾನುವಾರ ಅರಕೇರಾದಿಂದ ದೇವದುರ್ಗ, ದೇವದುರ್ಗದಿಂದ ಮಾನ್ವಿ, ಮಾನ್ವಿಯಿಂದ ಪೋತ್ನಾಳ, ಮೂರು ಬಸ್ ಹತ್ತಿ ಇಳಿದು ಬಂದಳು. ಅಧ್ಯಕ್ಷರು, ಅಕ್ಕ ಇಬ್ಬರೂ ಬಂದು ಕುಂತಿದ್ರು, ಹೆಣ್ಣು ನೋಡಾಕ ಬಂದಂಗ.

ಆಕಿ ಹುಷಾರಿದ್ಲು. ಊರಾಗ ಸುಗ್ಗಿ ಮುಗಿದ್ರ ಅರ್ಧಾ ಮಂದಿ ಗುಳೆ ಹೋಗ್ತಾರ, ತಾನು ಮಾತ್ರ ಹತ್ರದಾಗ ಏನಾರ ಮಾಡಬೇಕು ಅಂದ್ಲು. ಭತ್ತದ ತೇವ ಹೆಂಗ ನೋಡ್ತೀರಿ, ಮಿಲ್ಲಿನವರು ದರ ಮುರಿದ್ರ ಏನ್ ಮಾಡ್ತೀರಿ, ಎಲ್ಲಾ ಕೇಳಿದ್ಲು. ಅಧ್ಯಕ್ಷರು ನನ್ನ ಕಡೆ ಹುಬ್ಬು ಹಾರಿಸಿದ್ರು, ಪಾಸು ಅನ್ನಂಗ. ನನ್ನ ಕಾಲು ಆಗಲೇ ರಾಯಚೂರಿನ ಬಸ್ ಸ್ಟ್ಯಾಂಡಿನಾಗ ಇದ್ವು.

ಆಮ್ಯಾಲ ಆಕಿ ನಡಾವಳಿ ಪುಸ್ತಕ ತಿರುವಿದ್ಲು. ಕಡೀ ಪುಟದಾಗ ಬೆರಳು ನಿಲ್ಲಿಸಿದ್ಲು.

"ಸರ್, ಒಂದು ಕೇಳ್ಲಿ? ನಂದೊಂದು ಪರೀಕ್ಷಾದ ರಿಸಲ್ಟ್ ಬರೋದದ. ಅದು ಆದ್ರ ನಾ ಬಿಡಬೇಕಾಗ್ತದ. ಇಲ್ಲಿ ಬಿಡ್ತಾರೇನ್ರಿ?"

ಬಿಡ್ತಾರ್ರೀ ಅಂತ ಒಂದ ಮಾತು ಅಂದಿದ್ರ ನಾ ಮರುದಿನ ಹೊರಗಿರ್ತಿದ್ದೆ, ಆಕಿ ಈ ಕುರ್ಚಿ ಮ್ಯಾಲ ಇರ್ತಿದ್ಲು.

"ಒಳ್ಳೆ ಮಂದಿ ಅದಾರ್ರೀ," ಅಂದೆ. "ಆದ್ರ ಬಿಡಂಗಿಲ್ಲ."

"ಏ ಹುಚ್ಚಾ!" ಅಂದ್ರು ಅಧ್ಯಕ್ಷರು.

ಆಕಿ ಬ್ಯಾಗು ಹೆಗಲಿಗೆ ಹಾಕ್ಕೊಂಡ್ಲು. "ಹೇಳಿದ್ದು ಚಲೋ ಆತ್ರಿ ಸರ್." ಬಸ್ಸಿನ ತನಕ ಕಳಿಸಾಕ ಅಕ್ಕ ಹೋದ್ರು, ನಾ ಹೋಗಲಿಲ್ಲ.

ಸೋಮವಾರ ಬಿಡುಗಡಿ ಪತ್ರ ನಾನೇ ಟೈಪ್ ಮಾಡಿ ಪ್ರಿಂಟ್ ತಗದೆ. ಕಂಪನಿ ಶಿಕ್ಕಾ ನನ್ನ ಡ್ರಾಯರಿನಾಗ ಇತ್ತು. ಅಧ್ಯಕ್ಷರ ಸಹಿ ಹೆಂಗಿರ್ತದ ಅಂತ ನನಗಿಂತ ಚಲೋ ಅವರಿಗೂ ಗೊತ್ತಿಲ್ಲ. ಆ ಹಾಳಿ ಮುಂದ ಇಟ್ಕೊಂಡು ಐದು ಗಂಟೆ ತನಕ ಕುಂತೆ. ಆಮ್ಯಾಲ ಅದನ್ನ ಹರದು ರಾಯಚೂರಿಗೆ ಫೋನ್ ಹಚ್ಚಿದೆ. ಅಲ್ಲಿ ಮೇಡಂ ಇನ್ನ ದಿನಾ ಕೊಡಾಕ ಬರಂಗಿಲ್ಲ ಅಂದ್ರು. ದನಿಯಾಗ ಸಿಟ್ಟು ಇರಲಿಲ್ಲ. ಬೈದಿದ್ರ ಹಗುರ ಅನಿಸ್ತಿತ್ತು.

ಮಂಗಳವಾರ ಖೋಲಿ ಬಾಗಲಾ ತಗ್ಯೋಕಿನ ಮೊದಲ ಐದೂ ಮಂದಿ ಡೈರೆಕ್ಟರ್ ಹೊರಗ ನಿಂತಿದ್ರು. ಕಾಲುವಿ ಅಣ್ಣನೂ ಬಂದಿದ್ದ. ಒಳಗ ಕುಂತ್ರು. ಯಾರೂ ನನ್ನ ಮುಖ ನೋಡಲಿಲ್ಲ.

"ಬರಿ ತಮ್ಮಾ," ಅಂದ್ರು ಅಧ್ಯಕ್ಷರು.

"ಏನು ಬರೀಲಿ ಯಪ್ಪಾ?"

"ಗೋದಾಮಿನ ಅರ್ಜಿ ಹಾಕಬೇಕಲ್ಲ, ಅದರ ಠರಾವು."

ಬರದೆ. ಐದೂ ಮಂದಿ ಓದಿ ಸಹಿ ಮಾಡಿದ್ರು. ನಂದು ಏನು ಅಂತ ಕೇಳಿದೆ. ಅಕ್ಕ ನೆಲಾ ನೋಡಿದ್ರು. "ಮುಂದಿನ ಮೀಟಿಂಗಿಗೆ ಇಡು" ಅಂದ್ರು ಅಧ್ಯಕ್ಷರು, ಮೆತ್ತಗ. ಅದನ್ನೂ ಬರದೆ.

ಅದಾದ ಮ್ಯಾಲ ಎಷ್ಟೋ ಮೀಟಿಂಗ್ ಆಗ್ಯಾವ. ನನ್ನ ರಾಜೀನಾಮಿ ಇನ್ನೂ ಫೈಲಿನಾಗ ಅದ, ನಾನೂ ಇಲ್ಲೇ ಅದೀನಿ. ನಿಮ್ಮೊಳಗ ಯಾರಾದ್ರೂ ಪ್ರೀತಿ ಮಾಡೋ ಮಂದಿ ಕೈಯಾಗ ಹಿಂಗ ಸಿಕ್ಕೊಂಡಿದ್ರ, ಹೆಂಗ ಹೊರಗ ಬಂದ್ರಿ ಅಂತ ಕೆಳಗ ಬರೀರಿ. ಬರಾಕ ಆಗದ ಅಲ್ಲೇ ಉಳದವರೂ ಬರೀರಿ, ನಿಮ್ಮದನ್ನ ಮೊದಲ ಓದ್ತೀನಿ.