ಬುಡೇನ್ ಸಾಬರ ಅನುಮಾನ

ಚನ್ನಗಿರಿಯ ಮೆಕ್ಯಾನಿಕ್ ಬುಡೇನ್ ಸಾಬರು ಚಹಾ ಕುಡಿಯುವ ಮೊದಲು ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮೂವತ್ತು ವರ್ಷದಿಂದ ಅದೇ ಹೋಟೆಲಿನ ಚಹಾ. ಯಾರಾದರೂ ನಕ್ಕರೆ, "ಚಹಾ ಅವಂದು, ಹೊಟ್ಟೆ ನಂದಲ್ವಾ?" ಎನ್ನುತ್ತಿದ್ದರು.

ಗಾಡಿಗಳ ವಿಷಯದಲ್ಲೂ ಅದೇ ಕಣ್ಣು. ಗಿರಾಕಿ ಹೇಳಿದ್ದನ್ನು ಅವರು ನಂಬಿದ್ದು ನಾನು ಕಂಡಿಲ್ಲ. "ಗಾಡಿಗೆ ಸುಳ್ಳು ಹೇಳಾಕೆ ಬರಲ್ಲ, ಮಾಲೀಕರಿಗೆ ಬರ್ತೈತೆ" ಎಂಬುದು ಅವರ ಖಾಯಂ ಮಾತು. ಸದ್ದು ಮಾಡುತ್ತದೆಂದು ಯಾವ ಕಾರು ಬಂದರೂ ಮೊದಲು ಅದನ್ನು ಖಾಲಿ ಮಾಡಿಸಬೇಕು. ಗೋಣಿತಾಟಿನ ಮೇಲೆ ಜಾಕಿ, ನೀರಿನ ಬಾಟಲಿ, ಹಳೇ ಚಪ್ಪಲಿ, ಗಣಪತಿಯ ಮೂರ್ತಿ ಎಲ್ಲವನ್ನೂ ಇಡಿಸಿ, ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದರು. ದಾರಿಹೋಕರು ಪೊಲೀಸರು ಜಪ್ತಿ ಮಾಡಿದ್ದಾರೆ ಅಂದುಕೊಳ್ಳಬೇಕು, ಹಾಗೆ.

ನಾನು ಅವರಿಗಿಂತ ದೊಡ್ಡ ಅನುಮಾನ ಹೊತ್ತು ಒಂದು ದಿನ ಅಲ್ಲಿಗೆ ಹೋದೆ. ಹೊನ್ನಾಳಿಯ ಭಾವನಿಂದ, ಅಂದರೆ ನನ್ನ ಹೆಂಡತಿ ಸರೋಜಳ ಅಣ್ಣನಿಂದ, ಹಳೆಯದೊಂದು ಕೆಂಪು ಸ್ಪೋರ್ಟ್ಸ್ ಕಾರು ಕೊಂಡಿದ್ದೆ. ಎರಡೇ ಬಾಗಿಲು; ಹತ್ತಿ ಕೂತರೆ ನೆಲದ ಮೇಲೆ ಕೂತಂತೆ. ಗಾಡಿ ಎಲ್ಲೂ ಗುದ್ದಿಲ್ಲ ಎಂದು ಭಾವ ಆಣೆ ಮಾಡಿದ್ದರು. ಮೂರು ವಾರ ಚೆನ್ನಾಗಿತ್ತು. ಆಮೇಲೆ ಮುಂದಿನ ಎಡಗಾಲಿಯಿಂದ ಟಕ್ ಟಕ್ ಎಂಬ ಸದ್ದು ಶುರುವಾಯಿತು.

ಆಕ್ಸಿಡೆಂಟ್ ಆದ ಗಾಡಿಯನ್ನು ನನ್ನ ತಲೆಗೆ ಕಟ್ಟಿದ್ದೀರಿ ಎಂದು ಫೋನಿನಲ್ಲಿ ಭಾವನಿಗೆ ಅಂದುಬಿಟ್ಟೆ. ನಂಬಿಕೆ ಇಲ್ಲದವರು ತಮ್ಮ ಹೊಸಿಲು ತುಳಿಯುವುದು ಬೇಡ ಎಂದು ಭಾವ ಫೋನ್ ಇಟ್ಟರು. ಬರುವ ಭಾನುವಾರವೇ ಅವರ ಮಗಳ ನಿಶ್ಚಿತಾರ್ಥ. ಅದಕ್ಕೆಂದು ತೆಗೆದಿಟ್ಟಿದ್ದ ಸೀರೆಯನ್ನು ಸರೋಜ ಮತ್ತೆ ಬೀರುವಿಗೆ ಸೇರಿಸಿದಳು.

ಇದಿಷ್ಟನ್ನೂ ಹೇಳಿ, ಬೇರಿಂಗ್ ಹೋಗಿದೆ ಎಂದು ನಾನೇ ತೀರ್ಪು ಕೊಟ್ಟೆ. ಸಾಬರು ಕೇಳಿಸಿಕೊಂಡಂತೆ ಕಾಣಲಿಲ್ಲ. ಕಾರು ಖಾಲಿ ಮಾಡಿಸಿದರು. ನಿಧಾನ ಓಡಿಸಲು ಹೇಳಿ, ಮುಂದಿನ ಗಾಲಿಯ ಮೇಲಿನ ತಗಡಿನ ಮೇಲೆ ಅಂಗೈ ಇಟ್ಟು, ಎಳೆಗರು ನಡೆಸಿಕೊಂಡು ಹೋಗುವವರಂತೆ ಪಕ್ಕದಲ್ಲೇ ಬಾಗಿ ನಡೆದರು. ಆಮೇಲೆ ಒಳಗೆ ಕೂತು, ಕೆರೆಬಿಳಚಿ ರಸ್ತೆಯಲ್ಲಿ ಜೋರಾಗಿ ಬಿಡಲು ಹೇಳಿ ಕಣ್ಣು ಮುಚ್ಚಿದರು. ವೇಗ ಏರಿದ್ದೇ ಸದ್ದು ನಿಂತುಹೋಯಿತು.

"ಬೇರಿಂಗ್ ಹೋಗಿದ್ರೆ ಜೋರಾದಂಗೆಲ್ಲ ಕೂಗಾಟ ಜಾಸ್ತಿ ಆಗ್ಬೇಕಿತ್ತು ಗೌಡ್ರೆ," ಎಂದರು. "ಇದು ಸುಮ್ಕಾತು. ಗಾಲಿಯಾಗೆ ಏನೋ ಸಡ್ಲ ಐತೆ. ಜೋರು ತಿರುಗಿದ್ರೆ ಅಂಚಿಗೆ ಒತ್ಕಂಡು ಕುಂದ್ರುತೈತೆ. ತಾನಾಗೇ ಒಳಗೆ ಹೋಗಾಕೆ ಬರಲ್ಲ, ಯಾರೋ ಇಟ್ಟಾರೆ."

ಭಾವನೇ ಇಟ್ಟಿರಬೇಕು ಅಂದೆ. ಅವರು ಕನ್ನಡಕವನ್ನು ಹಣೆಗೇರಿಸಿ ನನ್ನನ್ನೇ ನೋಡಿದರು.

"ನಿಮ್ಮ ಮನ್ಯಾಗೆ ಈ ಗಾಡಿ ಕಂಡ್ರೆ ಹೆದರೋರು ಯಾರು?"

ಅಂಗಡಿಗೆ ವಾಪಸು ಬಂದು ಅವರು ಗಾಲಿಯ ನಡುವಿನ ಪುಟ್ಟ ಮುಚ್ಚಳವನ್ನು ಮೀಟಿದರು. ಕಡಲೆಕಾಳಿನಷ್ಟು ದಪ್ಪದ ತಾಮ್ರದ ತಾಯಿತವೊಂದು ಅಂಗೈಗೆ ಬಿತ್ತು. ಅಲ್ಲಿಂದಲೇ ಉದುರಿಸಿದರೇನೋ ಎಂದು ನಾನು ತಟ್ಟನೆ ಅವರ ಅಂಗಿಯ ತೋಳಿನ ಕಡೆ ನೋಡಿದೆ. ಸಾಬರು ಬೇಸರಿಸಲಿಲ್ಲ, ಎರಡೂ ತೋಳು ಮಡಚಿ ತೋರಿಸಿದರು.

"ನೋಡ್ಕಳ್ರಿ. ನಾನೂ ಹಂಗೇ ನೋಡ್ತಿದ್ದೆ. ಈಗ ದಾರ ನೋಡ್ರಿ."

ತಾಯಿತಕ್ಕೆ ಸುತ್ತಿದ್ದ ದಾರ ನನ್ನ ಅವ್ವನ ಹಸಿರು ಸೀರೆಯ ಅಂಚಿನದು. ಬಿಳಿಚೋಡು ಊರಿನಿಂದ ಬಂದು ನಮ್ಮ ಜೊತೆಗೇ ಇದ್ದ ಅವ್ವ ಹೆದರಿಕೆಯಿಂದ ಒಂದು ದಿನವೂ ಆ ಕಾರು ಹತ್ತಿದವಳಲ್ಲ. ಕಾರು ಬಂದ ವಾರ ನಾನು ಮುಚ್ಚಳಗಳನ್ನು ತೊಳೆದು ಕಟ್ಟೆಯ ಮೇಲೆ ಒಣಗಿಸಿದ್ದೆ. ಆಗ ಅವಳು ಮೇಣ ಹಚ್ಚಿ ತಾಯಿತವನ್ನು ಅಂಟಿಸಿದ್ದಾಳೆ. ಒಳಗೆ ನೋಡದೆ ಮುಚ್ಚಳ ಒತ್ತಿ ಕೂರಿಸಿದವನು ನಾನು. ಗಾಲಿಯ ಬಿಸಿಗೆ ಮೇಣ ಕರಗಿತ್ತು.

ಸಾಬರು ತಾಯಿತವನ್ನು ಹತ್ತಿಯಲ್ಲಿ ಸುತ್ತಿ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟರು. ಅವ್ವನನ್ನು ಗದರಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡರು. "ಮೊದ್ಲು ಹೊನ್ನಾಳಿಗೆ ಹೋಗ್ರಿ," ಎಂದರು.

ಹೋದೆ. ಭಾವ ಹೊಸಿಲಲ್ಲೇ ನಿಲ್ಲಿಸಿ ಪೂರ್ತಿ ಕಥೆ ಕೇಳಿದರು. ಕಟ್ಟುಕಥೆ ಎಂಬ ಗುಮಾನಿಯಿಂದ ಅವ್ವನಿಗೇ ಫೋನ್ ಮಾಡಿ ಖಾತ್ರಿ ಮಾಡಿಕೊಂಡ ಮೇಲೆಯೇ ಒಳಗೆ ಕರೆದರು. ಭಾನುವಾರ ಸರೋಜ ಆ ಸೀರೆ ಉಟ್ಟಳು.

ಸಾಬರನ್ನು ಕೊನೆಯ ಸಲ ಕಂಡದ್ದು ಹೋದ ವರ್ಷ, ನ್ಯಾಮತಿಗೆ ಭಾವನ ಜೊತೆ ಹೊರಟಾಗ. ಕಿವಿ ಪೂರ್ತಿ ಮಂದವಾಗಿ ಕೆಲಸ ಬಿಟ್ಟಿದ್ದರು. ಮುಚ್ಚಿದ ಅಂಗಡಿಯ ಮುಂದೆ ಚಹಾದ ಲೋಟವನ್ನು ಬೆಳಕಿಗೆ ಹಿಡಿದು ಕೂತಿದ್ದರು. ಗಾಡಿ ಈಗ ಸದ್ದು ಮಾಡುವುದಿಲ್ಲ ಎಂದು ಕಿವಿಯ ಬಳಿ ಕೂಗಿ ಹೇಳಿದೆ. ನಂಬಲಿಲ್ಲ. ಖಾನೆ ತೆರೆದು ಹತ್ತಿಯ ಗಂಟನ್ನು ಮುಟ್ಟಿ ನೋಡಿದರು. ಒಳಗೆ ಕೂತಿದ್ದ ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇವ್ರೇನಾ ಅವ್ರು? ಇವ್ರನ್ನೂ ಕೆಳಗಿಳಿಸ್ರಿ. ಖಾಲಿ ಗಾಡಿ ನೋಡ್ಬೇಕು."

ಭಾವ ನಗುತ್ತಾ ಇಳಿದರು. ಸಾಬರು ತಗಡಿನ ಮೇಲೆ ಅಂಗೈ ಇಟ್ಟು ಪಕ್ಕದಲ್ಲಿ ನಡೆದರು. ಹತ್ತು ಹೆಜ್ಜೆಗೆ ದಮ್ಮು ಹತ್ತಿ ನಿಂತರು. ಕಾರು ಮುಂದಕ್ಕೆ ಜಾರಿತು. ಕನ್ನಡಿಯಲ್ಲಿ ನೋಡಿದರೆ, ಗಾಡಿ ಇಲ್ಲದ ಗಾಳಿಯಲ್ಲಿ ಆ ಅಂಗೈ ಇನ್ನೂ ಹಾಗೆಯೇ ಚಾಚಿತ್ತು.